ಬಾಗಿಲಿಗೆ ಅಡ್ಡ ಕುರ್ಚಿ

ರಕ್ತದಲ್ಲಿ ಸಕ್ಕರೆ ಹೆಚ್ಚಿದೆ ಎಂದು ಡಾಕ್ಟರಮ್ಮ ಹೇಳಿದಾಗ ಅವಳು “ಹೌದಾ” ಎಂದಳು, ಅಷ್ಟೇ. ಬೇರೆ ಯಾರದೋ ಬಸಿರಿನ ಸುದ್ದಿ ಕೇಳಿದಂತಿತ್ತು ಆ ದನಿ.

“ಮನೇಲಿ ಯಾರಿಗಾದ್ರೂ ಸಕ್ಕರೆ ಕಾಯಿಲೆ ಇದೆಯಾ?”

“ಇಲ್ಲ.”

“ಸಿಹಿ ಜಾಸ್ತಿ ತಿಂತೀರಾ?”

“ಬಸುರಿ ಆದಾಗಿಂದ ಸಿಹಿ ಕಂಡ್ರೆ ಆಗಲ್ಲ.”

“ಕೆಲಸ?”

“ಬ್ಯೂಟಿ ಪಾರ್ಲರಲ್ಲಿ ಉಗುರಿಗೆ ಬಣ್ಣ ಹಾಕ್ತೀನಿ.”

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. “ಅಂಥ ಬಣ್ಣ, ಸೆಂಟು, ಪ್ಲಾಸ್ಟಿಕ್ಕಲ್ಲಿರೋ ಕೆಲವು ರಾಸಾಯನಿಕ ಬಸುರಿಯರ ಸಕ್ಕರೆ ಏರುಪೇರು ಮಾಡಬಹುದು ಅಂತಾರೆ. ನಿಮಗೆ ಅದರಿಂದಲೇ ಆಯ್ತು ಅಂತ ಹೇಳೋಕಾಗಲ್ಲಮ್ಮ. ಆದ್ರೂ ಗಾಳಿ ಆಡೋ ಕಡೆ ಕೂತ್ಕೊಳ್ಳಿ.”

ಪಾರ್ಲರಿಗೆ ಕಿಟಕಿ ಇರಲಿಲ್ಲ. ಇದ್ದ ಒಂದು ಗಾಜಿನ ಬಾಗಿಲನ್ನೂ ಎಸಿಗಾಗಿ ಸದಾ ಮುಚ್ಚಿರುತ್ತಿದ್ದರು. ಹಳೆಯ ಬಣ್ಣ ಕರಗಿಸುವ ದ್ರಾವಣ, ಅಂಟು, ಉಗುರು ಉಜ್ಜಿದ ಪುಡಿ ಎಲ್ಲ ಒಳಗೇ ಸುತ್ತುತ್ತಿದ್ದವು. ಬಾಗಿಲು ತೆರೆದಿಡಬಹುದಾ ಎಂದು ಅವಳು ಕೇಳಿಯೇ ಕೇಳಿದಳು. ಪಾರ್ಲರಿನ ಯಜಮಾನಿ ನಕ್ಕುಬಿಟ್ಟಳು. “ಬಾಗಿಲು ತೆಗೆದ್ರೆ ತಂಪೆಲ್ಲ ರಸ್ತೆ ಪಾಲು. ನಾನೂ ಇದೇ ಗಾಳಿ ಕುಡ್ಕೊಂಡೇ ಎರಡು ಹೆತ್ತಿಲ್ವಾ?” ಅವಳು ಮುಂದಿನ ಗಿರಾಕಿಯ ಕೈ ಹಿಡಿದಳು.

ಮನೆಯಲ್ಲಿ ಅತ್ತೆಗೆ ಬೇರೆಯೇ ಅನುಮಾನ. ಪಾರ್ಲರಿನ ಪಕ್ಕದಲ್ಲೇ ಬೇಕರಿ.

“ಬಾಯಿ ಚಪಲ ಯಾರಿಗಿಲ್ಲ? ತಿಂದಿದ್ರೆ ತಿಂದೆ ಅನ್ನು. ಮಗೂಗಾದ್ರೂ ಕನಿಕರ ಬೇಡ್ವಾ?”

“ತಿಂದಿಲ್ಲ ಅತ್ತೆ.”

“ಹಾಗಾದ್ರೆ ಸಕ್ಕರೆ ಆಕಾಶದಿಂದ ಉದುರ್ತಾ?”

ಗಂಡ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೊಟ್ಟೆಗೆ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳುವಾಗಲೂ ಹಾಗೇ. ಸೂಜಿ ಒಳಗೆ ಹೋದದ್ದು ಕಾಣುತ್ತಿತ್ತು, ಅಷ್ಟೇ.

ಕೊನೆಗೆ ಅತ್ತೆ ಕಳ್ಳಿಯನ್ನು ಕೈಯಾರೆ ಹಿಡಿಯಲು ಪಾರ್ಲರಿಗೇ ಬಂದರು. “ಸುಮ್ನೆ ಬಂದೆ” ಎಂದು ಗಿರಾಕಿಗಳ ಸೋಫಾದ ಮೇಲೆ ಕೂತು, ಸೊಸೆಯ ಮೇಲೆ ಕಣ್ಣು ನೆಟ್ಟರು. ಸೊಸೆ ಬೇಕರಿ ಕಡೆ ಹೋಗುವುದಿರಲಿ, ಕುರ್ಚಿ ಬಿಟ್ಟೇ ಏಳಲಿಲ್ಲ. ಒಬ್ಬಳ ಹಳೆಯ ಬಣ್ಣ ಒರೆಸಿದಳು, ಇನ್ನೊಬ್ಬಳ ಅಂಟಿಸಿದ ಉಗುರು ಕಿತ್ತಳು. ಅತ್ತೆಯ ಕಣ್ಣಲ್ಲಿ ನೀರು ಇಳಿಯತೊಡಗಿತು. ಆಮೇಲೆ ಕೆಮ್ಮು. ಕಡೆಗೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಓಡಿ, ಮೆಟ್ಟಿಲ ಮೇಲೆ ತಲೆ ಹಿಡಿದು ಕೂತರು. ಅವಳು ನೀರು ತಂದುಕೊಟ್ಟಳು.

“ದಿನಾ ಇದರಲ್ಲೇ ಕೂರ್ತೀಯಾ?”

“ಹೂಂ.”

“ಹೇಳೋಕೇನಾಗಿತ್ತು ನಿನಗೆ?”

“ಹೇಳಿದ್ರೆ?”

ಅತ್ತೆ ಎದ್ದು ಒಳಗೆ ಹೋಗಿ, ಯಜಮಾನಿಯ ಕುರ್ಚಿಯನ್ನೇ ಎಳೆದು ತಂದು ಬಾಗಿಲು ಮುಚ್ಚದಂತೆ ಅಡ್ಡ ಇಟ್ಟು, ಅದರ ಮೇಲೆ ಭದ್ರವಾಗಿ ಕೂತುಬಿಟ್ಟರು.

“ಅಮ್ಮಾ, ಇದು ಅಂಗಡಿ!” ಎಂದು ಯಜಮಾನಿ ಕೂಗಿದಳು.

“ಗೊತ್ತು. ನನಗೂ ಬಣ್ಣ ಹಾಕು, ಕಾಲಿಗೆ. ಇಲ್ಲೇ, ಬಾಗಿಲಲ್ಲೇ. ನಿಧಾನಕ್ಕೆ ಹಾಕು.”

ಗಿರಾಕಿಗಳು ಕಿಸಕ್ಕನೆ ನಕ್ಕರು. ಅವರಲ್ಲೊಬ್ಬಳು, “ಗಾಳಿ ಬಂದ್ರೆ ನಮಗೂ ಒಳ್ಳೇದೇ” ಎಂದಳು. ಯಜಮಾನಿ ಗೊಣಗುತ್ತಲೇ ಸೋತಳು. ಮರುದಿನದಿಂದ ಬಾಗಿಲು ತೆರೆದೇ ಇತ್ತು. ಸೊಸೆಗೆ ಬಾಗಿಲ ಬಳಿ ಗಿರಾಕಿಗಳ ಸಮಯ ಗೊತ್ತುಮಾಡುವ ಕೆಲಸ ಸಿಕ್ಕಿತು.

ಬರಬರುತ್ತಾ ಸಕ್ಕರೆ ಹತೋಟಿಗೆ ಬಂತು. “ಗಾಳಿಯಿಂದಲಾ?” ಎಂದು ಅತ್ತೆ ಕೇಳಿದರು. “ಇನ್ಸುಲಿನ್ ಇದೆ, ಪಥ್ಯ ಇದೆ, ನಡಿಗೆ ಇದೆ. ಯಾವುದರಿಂದ ಅಂತ ಹೇಳಲಿ?” ಎಂದರು ಡಾಕ್ಟರಮ್ಮ. ಅತ್ತೆ ಒಪ್ಪಿದಂತೆ ಕಾಣಲಿಲ್ಲ.

ಮಗು ಗುಂಡಗುಂಡಗೆ ಹುಟ್ಟಿತು. ಹೆಣ್ಣು. ಹುಟ್ಟಿದೊಡನೆ ಅದರ ಸಕ್ಕರೆ ತೀರಾ ಇಳಿದಿತ್ತೆಂದು, ತಾಯಿಗೆ ಹೆಚ್ಚಿದ್ದರೆ ಮಗುವಿಗೆ ಹೀಗಾಗುವುದುಂಟು ಎನ್ನುತ್ತಾ ನರ್ಸು ಎತ್ತಿಕೊಂಡು ಹೋದಳು. ಅತ್ತೆ ಆಸ್ಪತ್ರೆಯ ಪಡಸಾಲೆಯಲ್ಲಿ ಎಲ್ಲರೆದುರೇ ಅತ್ತರು. ಗಂಡ ಹಾಸಿಗೆಯ ಬಳಿ ಬಂದು, “ಆವತ್ತು ಅಮ್ಮ ನಿನ್ನನ್ನ ಅಂದಾಗ ನಾನು ಏನಾದ್ರೂ ಮಾತಾಡಬೇಕಿತ್ತು” ಎಂದ. ಅವಳು “ಪರವಾಗಿಲ್ಲ” ಎಂದಳು. ನಿಜಕ್ಕೂ ಪರವಾಗಿಲ್ಲವೋ ಏನೋ, ಅವಳಿಗೇ ತಿಳಿಯಲಿಲ್ಲ.

ಸಂಜೆಗೆ ಮಗುವನ್ನು ವಾಪಸು ತಂದರು. ಸಕ್ಕರೆ ಸರಿಹೋಗಿತ್ತು. ಅಷ್ಟರಲ್ಲಿ ಯಜಮಾನಿಯ ಫೋನು: ಮಗು ಹೇಗಿದೆ, ಮತ್ತೆ ಯಾವಾಗ ಬರ್ತೀಯಾ?

“ನೋಡ್ತೀನಿ ಮೇಡಂ” ಎಂದು ಫೋನಿಟ್ಟಳು. ಮಗು ಹಾಲಿಗೆ ತಡಕಾಡುತ್ತಿತ್ತು. ಅವಳು ಅದನ್ನು ಎದೆಗೆ ಹಚ್ಚಿ, ಕಣ್ಣು ಮುಚ್ಚಿದಳು.