ಒಣ ಎಲೆಯ ಮೇಲೆ ಮಂಡಿ ನಡಿಗೆ

ಪೇಂಟ್‌ಬಾಲ್ ಆಟ ಮುಗಿಯಲು ಇನ್ನು ಇಪ್ಪತ್ತು ನಿಮಿಷ. ಬಣ್ಣದ ಗುಂಡು ತಗುಲಿದವನು ಔಟ್. ಕಟ್ಟಡ ಕೆಲಸದ ಸೈಟಿನ ತಂಡದಲ್ಲಿ ಬಣ್ಣ ಬೀಳದೆ ಉಳಿದಿದ್ದವರು ಇಬ್ಬರೇ. ಒಬ್ಬ ಪ್ಲಂಬರ್, ಬಂಡೆಯ ಹಿಂದೆ ಕೂತು ಮುಖವಾಡದೊಳಗೇ ಏದುಸಿರು ಬಿಡುತ್ತಿದ್ದ. ಇನ್ನೊಬ್ಬ ಉಡ. ನೆಲಕ್ಕೆ ಟೈಲ್ಸ್ ಕೂರಿಸುವ ಕೆಲಸದವನು. ಬೆಳಗ್ಗೆಯಿಂದ ಸಂಜೆಯವರೆಗೆ ನೆಲಕ್ಕೆ ಕಚ್ಚಿಕೊಂಡಿರುತ್ತಾನೆಂದು ಜೊತೆಯವರು ಇಟ್ಟ ಹೆಸರು ಅದು.

ಕಾಡಿನ ಆಚೆ ತುದಿಯಲ್ಲಿ ಮೂರು ಮರಗಳ ನಡುವೆ ಆಫೀಸಿನವರ ಹಳದಿ ಬಾವುಟ ನೆಟ್ಟಿತ್ತು. ಅದನ್ನು ಕಿತ್ತರೆ ಅಲ್ಲಿಗೇ ಆಟ ಮುಗಿಯಿತು, ಸೈಟಿನವರು ಗೆದ್ದಂತೆ. ಕಾವಲಿಗೆ ನಿಂತಿದ್ದವರು ಎಂಜಿನಿಯರ್ ಮತ್ತು ಸ್ಟೋರ್ ಕೀಪರ್.

ಉಳಿದವರಿಗೆ ಇದು ಕಂಪನಿ ವರ್ಷಕ್ಕೊಮ್ಮೆ ಕರೆದೊಯ್ಯುವ ಮೋಜು. ಉಡನಿಗೆ ಮೋಜಲ್ಲ. ಹೊಸ ಕಟ್ಟಡದ ಹಜಾರಕ್ಕೆ ಅವನ ಸೋದರಮಾವ ಹಾಸಿದ ನೆಲ ಎರಡೇ ತಿಂಗಳಿಗೆ ಬಿರುಕು ಬಿಟ್ಟಿತ್ತು. "ಟೈಲ್ಸ್ ಕೆಳಗೆ ಬರೀ ಗಾಳಿ ತುಂಬಿದಾನೆ ಮುದುಕ," ಎಂದುಬಿಟ್ಟಿದ್ದ ಎಂಜಿನಿಯರ್, ಎಲ್ಲರೆದುರು. ಅಡಿಯ ಕಾಂಕ್ರೀಟು ಒಣಗುವ ಮುಂಚೆಯೇ ಹಾಸು ಹಾಸು ಎಂದು ಪ್ರಾಣ ಹಿಂಡಿದ್ದವನು ಇವನೇ. ಮೂವತ್ತು ವರ್ಷ ಮಂಡಿ ಸವೆಸಿದ ಮಾವ ಚೀಲ ಎತ್ತಿಕೊಂಡು ಮನೆ ಸೇರಿದವರು ಮತ್ತೆ ಸೈಟಿನ ಕಡೆ ತಲೆ ಹಾಕಲಿಲ್ಲ. ಗಾರೆ ತುಂಬಿದೆಯೋ ಇಲ್ಲವೋ ಒಂದೇ ಒಂದು ಟೈಲ್ ಕಿತ್ತು ನೋಡಿ ಎಂದು ಉಡ ಎಷ್ಟು ಸಲ ಕೇಳಿದ್ದನೋ. ಇವತ್ತು ಬಸ್ಸಿನಲ್ಲಿ, ಕಂಪನಿಯ ಯಜಮಾನಿ ಮುಂದಿನ ಸೀಟಿನಲ್ಲಿ ಕೂತು ಕೇಳುತ್ತಿದ್ದಾಗ, ಎಂಜಿನಿಯರನೇ ಬಾಯಿ ಬಿಟ್ಟಿದ್ದ.

"ಆಯ್ತಪ್ಪಾ, ನಮ್ಮ ಬಾವುಟ ಕಿತ್ರೆ ಆ ಟೈಲ್ ಕೀಳಿಸ್ತೀನಿ. ಸೋತ್ರೆ ನಿಮ್ ಮಾವನ ಸುದ್ದಿ ಇನ್ ಯಾವತ್ತೂ ಎತ್ಬಾರ್ದು. ಸರಿನಾ?"

"ಎಲ್ರೂ ಕೇಳಿಸ್ಕೊಂಡ್ರಲ್ಲ?" ಎಂದಿದ್ದ ಉಡ.

ಈಗ ಅವನು ಪ್ಲಂಬರನ ಪಕ್ಕಕ್ಕೆ ಜಾರಿದ. "ಅಣ್ಣ, ನೀನು ಬಲಗಡೆಯಿಂದ ಗಲಾಟೆ ಮಾಡ್ಕೊಂಡು ಓಡು."

"ಸಾಯಕ್ಕೆ ನಾನೇ ಬೇಕೇನೋ?"

"ಹೆಂಗಿದ್ರೂ ಸಾಯ್ತೀಯ. ನಾಲ್ಕ್ ಜನಕ್ಕೆ ಕೇಳೋ ಹಂಗೆ ಸಾಯಿ."

"ನಿನ್ ನಾಲಿಗೆಗಿಷ್ಟು!" ಎಂದು ಬೈಯುತ್ತಲೇ ಪ್ಲಂಬರ್ ಎದ್ದ. "ಬರ್ರೋ ಇಸ್ತ್ರಿ ಅಂಗಿಗಳಾ! ಬರ್ರೋ!" ಎಂದು ಕೂಗುತ್ತ ಕಾಲುದಾರಿಯಲ್ಲಿ ಆನೆ ನುಗ್ಗಿದಂತೆ ನುಗ್ಗಿದ.

ಉಡ ಎಡಗಡೆಯ ಒಣ ಹಳ್ಳಕ್ಕಿಳಿದ. ಮೊಣಕಾಲೆತ್ತರದ ಹಳ್ಳ, ಮೇಲೆ ಮುಳ್ಳುಪೊದೆಯ ಛಾವಣಿ. ಎಂಜಿನಿಯರ್ ಬೆಳಗ್ಗೆ ಹಾಳೆಯ ಮೇಲೆ ಕೆಂಪು ಗೆರೆ ಎಳೆದು ಒಂದೊಂದು ದಾರಿಗೂ ಒಬ್ಬೊಬ್ಬರನ್ನು ನಿಲ್ಲಿಸಿದ್ದ. ಈ ಹಳ್ಳವನ್ನು ಮಾತ್ರ ಬಿಟ್ಟಿದ್ದ. ನಿಂತು ನಡೆಯುವವನ ಕಣ್ಣಿಗೆ ಅದು ದಾರಿಯೇ ಅಲ್ಲ.

ಎರಡು ಮಾರು ಹೋಗಿದ್ದನಷ್ಟೇ, ಕಿವಿಯ ಪಕ್ಕದಲ್ಲೇ ಗಲಗಲ ಸದ್ದು. ಬಂದೂಕಿನ ಮೇಲಿನ ಡಬ್ಬಿ ಅರ್ಧ ಖಾಲಿ. ಒಳಗೆ ಬಣ್ಣದ ಗುಂಡುಗಳು ಮಗುವಿನ ಗಿಲಕಿಯ ಹಾಗೆ ಉರುಳಾಡುತ್ತಿದ್ದವು. ಥತ್! ಇದನ್ನು ಹೊತ್ತು ಹೋದರೆ ಡಂಗುರ ಸಾರಿದ ಹಾಗೆ. ಜೇಬಿನ ಕರವಸ್ತ್ರ ತೆಗೆದು ಡಬ್ಬಿಯೊಳಗೆ ತುರುಕಿದ. ಸದ್ದು ಸತ್ತಿತು. ಆದರೆ ಗುಂಡುಗಳೂ ಇನ್ನು ಕೆಳಗಿಳಿಯುವಂತಿಲ್ಲ. ಕೊಳವೆಯೊಳಗೆ ಆಗಲೇ ಕೂತಿದ್ದ ಒಂದೇ ಗುಂಡು ಅವನ ಪಾಲಿಗೆ. ಇರಲಿ, ಒಂದಾದರೂ ಇದೆಯಲ್ಲ.

ಆಮೇಲೆ ಕೆಲಸ ಶುರುವಾಯಿತು. ಹಸಿ ಗಾರೆಯ ಮೇಲೆ ಆಗಷ್ಟೇ ಕೂರಿಸಿದ ಟೈಲನ್ನು ದಾಟುವುದು ಹೇಗೆಂದು ಮಾವ ಅವನಿಗೆ ಹನ್ನೆರಡನೇ ವಯಸ್ಸಿಗೇ ಕಲಿಸಿದ್ದರು. ಮೊದಲು ಅಂಗೈ, ಅದೂ ಹಗುರವಾಗಿ. ನೆಲ ತಡೆಯುತ್ತದೆ ಎಂದು ಕೈಗೆ ಗೊತ್ತಾದ ಮೇಲೆ ಅದೇ ಜಾಗಕ್ಕೆ ಮಂಡಿ. ಮಂಡಿಯ ಮೇಲೆ ಭಾರ ನಿಧಾನಕ್ಕೆ, ಸುರಿದ ಹಾಗೆ. ಇಲ್ಲಿ ಟೈಲಿನ ಬದಲು ಒಣ ಎಲೆ, ಕಡ್ಡಿ. ಬೆರಳಿನಿಂದ ಕಡ್ಡಿಗಳನ್ನು ಪಕ್ಕಕ್ಕೆ ಸರಿಸುವುದು, ಎಲೆಗಳನ್ನು ಅಂಗೈಯಿಂದ ಅದುಮುವುದು, ಅದುಮಿದಲ್ಲಿ ಮಂಡಿ ಇಡುವುದು. ಗಾಳಿ ಬೀಸಿ ಕಾಡೆಲ್ಲ ಸರಸರ ಅಂದಾಗ ಮೂರು ಹೆಜ್ಜೆ, ಗಾಳಿ ನಿಂತಾಗ ಕಲ್ಲು. ಮುಖವಾಡಕ್ಕೆ ಆವಿ ಕಟ್ಟದಂತೆ ಉಸಿರನ್ನು ಗದ್ದದ ಕಡೆಗೆ ಬಿಡುವುದು. ಕತ್ತಿನ ಮೇಲೆ ಇರುವೆ ಹತ್ತಿತು. ಕಚ್ಚಿತು. ಕಚ್ಚಲಿ ಬಿಡು.

ದೂರದಲ್ಲಿ ಪಟಪಟಪಟ! ಜೊತೆಗೇ ಪ್ಲಂಬರನ ಕೂಗು: "ಅಯ್ಯಯ್ಯೋ ಸತ್ನಪ್ಪೋ! ನನ್ ಹೆಂಡ್ತಿಗೆ ಯಾರ್ರೋ ಹೇಳ್ತೀರಿ!" ಉಡನಿಗೆ ನಗು ಉಕ್ಕಿ ಬಂತು, ತುಟಿ ಕಚ್ಚಿದ. ಆ ಗದ್ದಲದಲ್ಲೇ ಹತ್ತು ಮಾರು ತೆವಳಿ, ಬಿದ್ದ ಮರದ ದಿಮ್ಮಿಯೊಂದರ ಹಿಂದೆ ಮಲಗಿದ.

ದಿಮ್ಮಿಯಾಚೆ ಹದಿನೈದು ಹೆಜ್ಜೆಗೆ ಬಾವುಟ ಕಾಣುತ್ತಿತ್ತು. ಸ್ಟೋರ್ ಕೀಪರ್ ಪ್ಲಂಬರನನ್ನು ಮುಗಿಸಿ ಬಂದು ಎಂಜಿನಿಯರನ ಪಕ್ಕ ನಿಂತ. ಗಾಳಿ ನಿಂತುಬಿಟ್ಟಿತ್ತು. ಕಾಯಬೇಕು. ಕಾಯುತ್ತ ಕಾಯುತ್ತ ಅವನ ಬಲಗೈ ತಾನಾಗಿಯೇ ಎದ್ದು ದಿಮ್ಮಿಯನ್ನು ಬೆರಳ ಗೆಣ್ಣಿನಿಂದ ಬಡಿಯಿತು.

ಟೊಕ್ ಟೊಕ್ ಟೊಕ್.

ಕೂರಿಸಿದ ಪ್ರತಿ ಟೈಲನ್ನೂ ಟೊಳ್ಳೋ ಗಟ್ಟಿಯೋ ಎಂದು ಬಡಿದು ನೋಡುವ ಕೈ ಅದು. ಬಡಿದಾದ ಮೇಲೆ ಉಡನಿಗೆ ಅರಿವಾಯಿತು. ಅಯ್ಯೋ, ಈ ಹಾಳು ಕೈ!

"ಏನದು?" ಎಂಜಿನಿಯರನ ದನಿ.

"ಮರಕುಟುಕ ಇರ್ಬೇಕು ಸಾರ್," ಎಂದ ಸ್ಟೋರ್ ಕೀಪರ್.

"ಮಲಗಿರೋ ಮರಾನ ಯಾವ ಮರಕುಟುಕ ಕುಟ್ಟತ್ತೆ ರೀ? ಹೊಡೀರಿ ಆ ದಿಮ್ಮಿಗೆ!"

ಎರಡೂ ಬಂದೂಕುಗಳು ಒಟ್ಟಿಗೆ ಸಿಡಿದವು. ದಿಮ್ಮಿಯ ಮೇಲೆ ಪಟಾರ್ ಪಟಾರ್ ಎಂದು ನೀಲಿ ಗುಂಡು ಒಡೆದು ಹನಿಗಳು ತಲೆಯ ಮೇಲೆ ಹಾರಿದವು. ಹೆದರಿ ಮುದುಡಿದವನಿಗೆ ಒಮ್ಮೆಲೇ ಹೊಳೆಯಿತು. ಅವರ ಕಿವಿಯ ತುಂಬ ಈಗ ಅವರದೇ ಸದ್ದು! ಎಲೆ ಮುರಿದರೇನು, ಕಡ್ಡಿ ಮುರಿದರೇನು! ಉಡ ದಿಮ್ಮಿ ಬಿಟ್ಟು ಹಳ್ಳದಲ್ಲಿ ನಾಲ್ಕು ಕಾಲಿನಲ್ಲಿ ಓಡಿದ. ಅಂಗೈ, ಮಂಡಿ, ಅಂಗೈ, ಮಂಡಿ. ಮುಳ್ಳು ಬೆನ್ನು ಗೀರಿತು, ಅಂಗಿ ಹರಿಯಿತು. ಹಳ್ಳ ಬಾವುಟದ ಹಿಂಭಾಗಕ್ಕೆ ಬಳಸಿತ್ತು. ಗುಂಡಿನ ಸದ್ದು ನಿಲ್ಲುವಷ್ಟರಲ್ಲಿ ಅವನು ಅಲ್ಲಿದ್ದ.

"ಹೋಗ್ ನೋಡೋಣ, ಒಳ್ಳೆ ಸ್ನಾನ ಆಗಿರತ್ತೆ ಅವನಿಗೆ," ಎಂದು ಎಂಜಿನಿಯರ್ ದಿಮ್ಮಿಯ ಕಡೆಗೆ ನಡೆದ. ಸ್ಟೋರ್ ಕೀಪರ್ ಹಿಂದೆ ಹೋದ. ಇಬ್ಬರ ಬೆನ್ನೂ ಉಡನ ಕಡೆಗಿತ್ತು. ಬಾವುಟ ಒಂಟಿ.

ಉಡ ಎದ್ದ. ಒಂದು ಹೆಜ್ಜೆ. ಎರಡು. ಮೂರನೆಯದಕ್ಕೆ ಸ್ಟೋರ್ ಕೀಪರ್ ತಿರುಗಿದ. "ಸಾ—"

ಉಡ ಬಂದೂಕಿನ ಕುದುರೆ ಎಳೆದ. ಆ ಒಂದೇ ಗುಂಡು ಸ್ಟೋರ್ ಕೀಪರನ ಎದೆಯ ಮೇಲೆ ಕಿತ್ತಳೆ ಬಣ್ಣವಾಗಿ ಒಡೆಯಿತು. ಎಂಜಿನಿಯರ್ ಗಿರ್ರನೆ ತಿರುಗಿ ಬಂದೂಕೆತ್ತಿದ. ಖಾಲಿ ಬಂದೂಕನ್ನು ಬಿಸಾಡಿ ಉಡ ಎರಡು ಕೈ ಚಾಚಿ ಹಾರಿದ. ಬಾವುಟದ ಕೋಲು ಬುಡಸಮೇತ ಕಿತ್ತುಬಂತು. ಕಿತ್ತ ಮರುಕ್ಷಣ ಬೆನ್ನಿಗೆ ಚಟೀರ್ ಎಂದು ಗುಂಡು ಬಡಿಯಿತು.

"ಔಟ್! ನನ್ ಗುಂಡು ಮೊದ್ಲು!" ಎಂಜಿನಿಯರ್ ಕಿರುಚಿದ.

ಸ್ಟೋರ್ ಕೀಪರ್ ಎದೆಯ ಬಣ್ಣ ಮುಟ್ಟಿ ನೋಡಿಕೊಂಡ. "ಬಾವುಟ ಮೊದ್ಲು ಸಾರ್. ನಾನೇ ನೋಡಿದೀನಿ."

ತೀರ್ಪುಗಾರನ ಸೀಟಿ ಕಾಡೆಲ್ಲ ಕೇಳಿಸಿತು. ಸೈಟಿನವರು ಮರಗಳ ಸಂದಿಯಿಂದ ಕೇಕೆ ಹಾಕುತ್ತ ಓಡಿಬಂದರು. ಪ್ಲಂಬರ್ ಉಡನನ್ನು ಹೆಗಲ ಮೇಲೆತ್ತಿ ಕುಣಿದ.

"ಸೋಮವಾರ ನೋಡೋಣ," ಎಂದ ಎಂಜಿನಿಯರ್ ಕೈಗವಸು ಬಿಚ್ಚುತ್ತ.

"ಸೋಮವಾರ ಅಲ್ಲ, ಇವತ್ತೇ!" ಹೆಗಲ ಮೇಲಿಂದಲೇ ಗುಡುಗಿದ ಉಡ. "ಬಸ್ಸು ಆ ಕಡೆಗೇ ತಾನೆ ಹೋಗೋದು?"

ಯಜಮಾನಿ ಎಂಜಿನಿಯರನನ್ನೂ ನೋಡಿದರು, ಉಡನ ಹರಿದ ಮಂಡಿಯನ್ನೂ ನೋಡಿದರು. "ಡ್ರೈವರ್, ಸೈಟಿಗೆ ಬಿಡಿ."

ಬಣ್ಣ ಮೆತ್ತಿದ ಮೂವತ್ತು ಜನ ಹಜಾರದಲ್ಲಿ ಸುತ್ತುಗಟ್ಟಿದಾಗ ಬಿಸಿಲಿನ್ನೂ ಇಳಿದಿರಲಿಲ್ಲ. ಉಡ ಬಸ್ಸಿನಿಂದಲೇ ಮನೆಗೆ ಫೋನ್ ಮಾಡಿದ್ದ. ಅತ್ತೆ ದಬ್ಬಿ ಕಳಿಸಿದ್ದಕ್ಕೆ ಮಾವ ಬಂದರು. ಯಾರ ಮುಖವನ್ನೂ ನೋಡಲಿಲ್ಲ. ಬಿರುಕಿನ ನಟ್ಟನಡುವೆ ಮಂಡಿಯೂರಿ ಸಂದಿಗೆ ಉಳಿ ಇಟ್ಟು ಸುತ್ತಿಗೆಯಿಂದ ಬಡಿದರು. ಟೈಲು ಜಪ್ಪಯ್ಯ ಅಂದರೂ ಏಳಲಿಲ್ಲ. ನಾಲ್ಕು ಏಟು, ಐದು, ಆರು. ಕೊನೆಗೆ ಮುರಿದುಕೊಂಡೇ ಮೇಲೆದ್ದಿತು. ಟೈಲಿನ ಬೆನ್ನಿಗೆ ಮೂಲೆಯಿಂದ ಮೂಲೆಗೆ, ಬೆರಳು ತೂರಿಸಲು ಜಾಗವಿಲ್ಲದಂತೆ, ಗಾರೆ. ಅದರ ಕೆಳಗೆ ಸೀಳಿಹೋದ ಕಾಂಕ್ರೀಟು.

"ಇದನ್ನ ಎಷ್ಟು ದಿನ ಒಣಗಿಸಿದ್ರಿ?" ಯಜಮಾನಿ ಎಂಜಿನಿಯರನನ್ನು ಕೇಳಿದರು.

ಅವನು ಕೆಮ್ಮಿದ. "ಅದೂ... ಟೈಮ್ ಇರ್ಲಿಲ್ಲ ಮೇಡಂ."

"ಯಾರ ಹತ್ರ ಈ ಮಾತು ಹೇಳ್ಬೇಕೋ ಅವರ ಹತ್ರ ಹೇಳಿ. ಎದುರಿಗೇ ಕೂತಿದಾರೆ."

ಎಂಜಿನಿಯರ್ ಬಗ್ಗಿ ಏನೋ ಗೊಣಗಿದ. ತಪ್ಪಾಯ್ತು ಎಂಬುದಷ್ಟೇ ಹತ್ತಿರದಲ್ಲಿದ್ದವರಿಗೆ ಕೇಳಿಸಿತು. ಮಾವ ಉಳಿ ಕೆಳಗಿಟ್ಟರು. ಕಣ್ಣನ್ನು ಅಂಗಿಯ ತೋಳಿನಿಂದ ಒರೆಸಿಕೊಂಡು ತಲೆಯೆತ್ತಿ, ಮುಖ ಊರಗಲ ಮಾಡಿಕೊಂಡು ನಗುತ್ತ ನಿಂತಿದ್ದ ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು.

"ಶೂ ಬಿಚ್ಚೋ ಕತ್ತೆ. ಮಣ್ಣು ಒರೆಸೋರು ಯಾರು, ನಿಮ್ಮಪ್ಪನಾ?"