ಎಂಟರಲ್ಲೊಂದು ಪಾಲು ದನಿ

ನಾನು ಒಂದು ಮೊಡೆಮ್. ಟೆಲಿಫೋನ್ ತಂತಿಗೂ ಕಂಪ್ಯೂಟರಿಗೂ ನಡುವೆ ಕುಳಿತು, ಇದರ ಮಾತನ್ನು ಅದಕ್ಕೆ, ಅದರ ಮಾತನ್ನು ಇದಕ್ಕೆ ತಿಳಿಸುವುದು ನನ್ನ ಕಸುಬು. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಒಬ್ಬ ಹೆಂಗಸು ಕೊನೆಯ ತಿರುಪು ಹಾಕಿ, ನನ್ನ ಕೆಂಪು ದೀಪಗಳನ್ನು ಉರಿಸಿ ನೋಡಿದಳು. ಅಂಗೈಯಗಲದ ಕಪ್ಪು ಪೆಟ್ಟಿಗೆ ನಾನು. ಸಂಪರ್ಕ ಸಿಗುವಾಗ ಕಿರ್ರೆಂದು ಕಿರುಚುತ್ತೇನೆ. ಅದು ಬಿಟ್ಟರೆ ನನಗೆ ದನಿಯಿಲ್ಲ.

ಮೊದಲು ಹುಬ್ಬಳ್ಳಿಯ ಒಬ್ಬ ಹತ್ತಿ ವ್ಯಾಪಾರಿಯ ಮೇಜಿನ ಮೇಲಿದ್ದೆ. ದಿನವೂ ಪೇಟೆಧಾರಣೆ ತರಿಸುತ್ತಿದ್ದ, ತಡವಾದರೆ ನನ್ನ ತಲೆಗೆ ಮೊಟಕುತ್ತಿದ್ದ. ನನಗಿಂತ ಚುರುಕಾದವನು ಬಂದ ಮೇಲೆ ನಾನು ಗುಜರಿಯ ಪಾಲಾದೆ. ಅಲ್ಲಿಂದ ನನ್ನನ್ನು ಎತ್ತಿಕೊಂಡವರು ಗುಳೇದಗುಡ್ಡದ ಗುರುಪಾದಪ್ಪನವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೀವ ಸವೆಸಿ ನಿವೃತ್ತರಾದವರು. ಧೋತರದ ಸೆರಗಿನಿಂದ ನನ್ನ ಧೂಳು ಒರೆಸಿದರು, ಹಣೆಯೆಂದು ತಮಗೆ ತೋಚಿದ ಕಡೆ ವಿಭೂತಿ ಹಚ್ಚಿದರು. ಅವರ ಹೆಂಡತಿ ಶಂಕ್ರವ್ವ ನಕ್ಕುಬಿಟ್ಟಳು. "ಪೆಟಗಿಗೂ ದೀಕ್ಷಾ ಕೊಟ್ರೇನ್ರಿ?"

ಆ ನಗು ಬಹಳ ಕಾಲ ಉಳಿಯಲಿಲ್ಲ. ಜ್ವರವೊಂದು ನೆಪವಾಗಿ ಶಂಕ್ರವ್ವ ಶಿವನ ಪಾದ ಸೇರಿದಳು.

ಅವಳು ಬಲು ಚೆಂದ ಹಾಡುತ್ತಿದ್ದಳು. ತಾಯಿ ಕಟ್ಟಿದ ಮಂಗಳಾರತಿ ಪದವೊಂದನ್ನು ಮನೆಮಂದಿಗೆಲ್ಲ ಕಲಿಸಿದ್ದಳು. ಅವಳ ದನಿ ಉಳಿದಿದ್ದದ್ದು ಒಂದೇ ಕಡೆ. ಕಲಬುರಗಿಯಲ್ಲಿ ರೆಕಾರ್ಡಿಂಗ್ ಅಂಗಡಿ ಇಟ್ಟಿದ್ದ ಅವಳ ಅಣ್ಣನ ಮಗ ಚನ್ನವೀರ, ಆ ಪದವನ್ನು ತನ್ನ ಕಂಪ್ಯೂಟರಿನ ಡಿಸ್ಕಿನಲ್ಲಿ ಹಿಡಿದಿಟ್ಟಿದ್ದ.

ವರ್ಷದ ಪುಣ್ಯಸ್ಮರಣೆಯ ದಿನ ಬೆಳಗಾಗುತ್ತಲೇ ಅವನ ಫೋನು ಬಂತು.

"ಮಾವ, ಡಿಸ್ಕ್ ಕರಕರ ಅನ್ಲತ್ತದ. ಯಾವಾಗ ನಿಲ್ತದೋ ಗೊತ್ತಿಲ್ಲ. ಎತ್ತಿ ತರ್ಬೇಕಂದ್ರ ಅಲುಗಾಡಿದ್ರ ಸತ್ತೇ ಹೋಗ್ತದ. ಫ್ಲಾಪಿಯಾಗ ಹಿಡಿಯಂಗಿಲ್ಲ. ಫೋನಿನ ಮ್ಯಾಲೇ ಕಳಿಸ್ತೀನಿ, ಈಗೇ ತಗೋರಿ."

"ಎಷ್ಟೈತಿ?"

"ಮೂವತ್ತು ಮೆಗಾ."

"ನನ್ನ ಪೆಟಗಿ ಸೆಕೆಂಡಿಗೆ ಮೂವತ್ತು ಕಿಲೋ ಎಳೀತೈತಿ. ಸಾವಿರ ಸೆಕೆಂಡು. ಹದಿನೇಳು ನಿಮಿಷದ ಕೆಲಸ! ಪೂಜಿ ಮುಗಿಸಿ ಹಚ್ಚೋಣು ತಮ್ಮಾ. ಇವತ್ತ ಶಿವನ್ನ ಕಾಯಿಸಬಾರದು."

ಅವರ ಲೆಕ್ಕ ತಪ್ಪಿತ್ತು. ತಂತಿಯವರು ಎಣಿಸುವುದು ಬಿಟ್‌ಗಳಲ್ಲಿ. ಡಿಸ್ಕಿನವರು ಎಣಿಸುವುದು ಬೈಟ್‌ಗಳಲ್ಲಿ. ಒಂದು ಬೈಟಿಗೆ ಎಂಟು ಬಿಟ್. ಚನ್ನವೀರನ ಮೂವತ್ತು ಡಿಸ್ಕಿನ ಅಳತೆ, ಗುರುಪಾದಪ್ಪನವರ ಮೂವತ್ತು ತಂತಿಯ ಅಳತೆ. ಎಕ್ಸ್‌ಚೇಂಜಿನಲ್ಲಿ ಬರೀ ಅಂಕಿ ಹೇಳಿದರೆ ಸಾಕಾಗುತ್ತಿತ್ತು, ಅಳತೆ ಯಾವುದೆಂದು ಯಾರೂ ಕೇಳುತ್ತಿರಲಿಲ್ಲ. ಹದಿನೇಳು ನಿಮಿಷವಲ್ಲ, ಎರಡು ತಾಸಿಗೂ ಮೇಲೆ ಬೇಕು. ಈಗಲೇ ಹಚ್ಚಿ ಎಂದು ಕೂಗಬೇಕೆನಿಸಿತು. ಆದರೆ ನನ್ನ ದೀಪಗಳು ಉರಿಯಬಲ್ಲವು, ಅಷ್ಟೆ.

ಅವರು ಸ್ನಾನ ಮಾಡಿ ಬಂದು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತರು. ಅಂದಿನ ಪೂಜೆ ಎಂದಿಗಿಂತ ದೀರ್ಘವಾಯಿತು. ಕಣ್ಣು ಮುಚ್ಚಿದ್ದರೂ ಕೆನ್ನೆ ಒದ್ದೆಯಾಗಿತ್ತು. ದೂರದೂರಿನಲ್ಲಿ ಆ ಡಿಸ್ಕು ತಿರುಗುತ್ತಲೇ ಇತ್ತು.

ಪೂಜೆ ಮುಗಿಸಿ ಬಂದು ನನ್ನನ್ನು ಹಚ್ಚಿದರು. ನಾನು ಕಿರುಚಿದೆ, ಅತ್ತ ಕಡೆಯ ಮೊಡೆಮ್ ಕಿರುಚಿತು, ದನಿಯ ಚೂರುಗಳು ಬರತೊಡಗಿದವು. ಗುರುಪಾದಪ್ಪನವರ ತಂಗಿ ನಿಂಬವ್ವ ಪಡಸಾಲೆಯ ಫೋನಿನತ್ತ ನಡೆದಳು. ಅದೂ ಇದೇ ತಂತಿಯದು, ಎತ್ತಿದರೆ ಸಂಪರ್ಕ ಕಡಿಯುತ್ತಿತ್ತು.

"ಮುಟ್ಟಬ್ಯಾಡ!" ಎಂದು ಅಣ್ಣ ಚೀರಿದರು.

"ಯವ್ವ! ಫೋನಿನಾಗ ಹಾವು ಕುಂತೈತೇನು?"

"ನಿಮ್ಮ ವೈನಿ ಬರಾಕತ್ಯಾಳ."

ನಿಂಬವ್ವ ಹಿಂದೆ ಸರಿದಳು. ಹೊಸ್ತಿಲ ಬಳಿ ಕುಳಿತು, ಫೋನಿನ ಹತ್ತಿರ ಯಾರನ್ನೂ ಸುಳಿಯಗೊಡಲಿಲ್ಲ.

ಹದಿನೇಳು ನಿಮಿಷ ಕಳೆಯಿತು. ಪರದೆಯ ಮೇಲಿನ ಪಟ್ಟಿ ಎಂಟರಲ್ಲಿ ಒಂದು ಪಾಲು ಮಾತ್ರ ತುಂಬಿತ್ತು. ಗುರುಪಾದಪ್ಪನವರು ಗಡಿಯಾರ ನೋಡಿದರು, ಪಟ್ಟಿ ನೋಡಿದರು, ಬೆರಳು ಮಡಚಿ ಲೆಕ್ಕ ಹಾಕಿದರು. ಮಡಚಿದ ಬೆರಳು ಹಾಗೇ ನಿಂತಿತು. "ಬೈಟು," ಎಂದರು ಮೆಲ್ಲಗೆ. "ಎಂಟರಲೆ ಗುಣಿಸಬೇಕಿತ್ತು." ಕೊರಳಿನ ಲಿಂಗವನ್ನು ಬಿಗಿಯಾಗಿ ಹಿಡಿದುಕೊಂಡರು. "ಇನ್ನೊಂದೀಟು ತಡಿಯೋ ಶಿವನೇ, ಇನ್ನೊಂದೀಟು."

ನಾನು ಮೈಯೆಲ್ಲ ಕಾದು ಎಳೆಯುತ್ತಿದ್ದೆ. ನನಗಿದ್ದ ವೇಗ ಅಷ್ಟೇ. ಇದ್ದಕ್ಕಿದ್ದಂತೆ ಚೂರುಗಳು ಬರುವುದನ್ನು ತೋರುವ ನನ್ನ ದೀಪ ಮಿನುಗುವುದನ್ನು ನಿಲ್ಲಿಸಿತು. ತಂತಿ ಜೀವಂತವಿತ್ತು, ಅತ್ತ ಕಡೆಯ ಮೊಡೆಮ್ ಉಸಿರಾಡುತ್ತಿತ್ತು, ಆದರೆ ಅದಕ್ಕೆ ಕಳಿಸಲು ಏನೂ ಇರಲಿಲ್ಲ. ಸಂಪರ್ಕ ಕಡಿದ ಮೇಲೆ ಚನ್ನವೀರನ ಫೋನು ಬಂತು. ಅವನು ಅಳುತ್ತಿದ್ದ. "ಮಾವ, ತಿರಗೂದು ನಿಂತದ."

ಬಂದಷ್ಟನ್ನೇ ಸಂಜೆ ಮಂಗಳಾರತಿಯ ಹೊತ್ತಿಗೆ ಹಚ್ಚಿದರು. ಮೊದಲು ಒಂದು ಕೆಮ್ಮು. ಆಮೇಲೆ, "ಸುರು ಮಾಡ್ಲೇನೋ ಚನ್ನವೀರ?" ಎಂಬ ಅದೇ ನಗುಮಾತು. ಆಮೇಲೆ ಪದ. ಒಂದು ನುಡಿ ಮುಗಿಯಿತು, ಎರಡನೆಯ ನುಡಿ ನಡುವೆಯೇ ತುಂಡಾಯಿತು. ಗುರುಪಾದಪ್ಪನವರ ಕೈಯಲ್ಲಿ ಆರತಿತಟ್ಟೆ ಹಾಗೇ ನಿಂತುಬಿಟ್ಟಿತು. ಆಗ ನಿಂಬವ್ವ ತನ್ನ ಒಡಕು ದನಿಯಲ್ಲಿ, ಅತ್ತಿಗೆ ಬಿಟ್ಟ ಅಕ್ಷರದಿಂದಲೇ ಪದ ಎತ್ತಿಕೊಂಡಳು. ಉಳಿದವರು ಸೇರಿಕೊಂಡರು. ಆರತಿ ಮತ್ತೆ ತಿರುಗಿತು.

ಈಗ ಯಾವ ಮನೆಗೂ ನನ್ನಂಥವನು ಬೇಕಿಲ್ಲ. ಆದರೂ ಗುರುಪಾದಪ್ಪನವರು ನನ್ನನ್ನು ಎಸೆಯಲಿಲ್ಲ. ಶಂಕ್ರವ್ವನ ಖಣದ ತುಂಡಿನಲ್ಲಿ ಸುತ್ತಿ ದೇವರ ಜಗಲಿಯ ಕೆಳಗೆ ಇಟ್ಟಿದ್ದಾರೆ. ವರ್ಷಕ್ಕೊಮ್ಮೆ ನನ್ನ ತಲೆಯ ಮೇಲೆ ಆ ದನಿ ಕೇಳಿಸುತ್ತದೆ. ನಾನು ತಂದದ್ದು ಎಂಟರಲ್ಲೊಂದು ಪಾಲು. ಉಳಿದದ್ದನ್ನು ಮನೆಯವರು ಹೊತ್ತಿದ್ದಾರೆ.

ಆದರೆ ಪದ ತುಂಡಾಗುವ ಜಾಗ ಬಂದಾಗಲೆಲ್ಲ ನನಗೆ ಇಂದಿಗೂ ಜೀವ ಹಾರುತ್ತದೆ. ಎತ್ತಿಕೊಳ್ಳುವವರು ಇಲ್ಲದೆ ಹೋದರೆ? ಈ ವರ್ಷ ನಿಂಬವ್ವನಿಗೆ ದಮ್ಮು ಹೆಚ್ಚಾಗಿದೆ. ಇದೋ, ಗಂಟೆ ಬಾರಿಸಿತು. ಕೆಮ್ಮು ಕೇಳಿಸಿತು, ನಗು ಕೇಳಿಸಿತು. ಎರಡನೆಯ ನುಡಿ ನಡೆದಿದೆ. ದನಿ ತುಂಡಾಯಿತು.

ಕತ್ತಲಲ್ಲಿ ಯಾರೋ ಉಸಿರೆಳೆದುಕೊಂಡರು. ನಿಂಬವ್ವನಲ್ಲ. ಜನ್ಮದಲ್ಲೇ ಒಂದು ಪದವನ್ನೂ ಹಾಡದ ಗುರುಪಾದಪ್ಪನವರು.