ಜವರಮ್ಮನ ಏಳು ಚಿಪ್ಪುಗಳು

ಕೆಲಸಕ್ಕೆ ಸೇರಿದ ಮೊದಲ ಐದು ದಿನ ನಾನು ಬೆಕ್ಕಿನ ಊಟಕ್ಕೆ ಕೈಮುಗಿದಿದ್ದೇನೆ. ಮೂಡಿಗೆರೆ ಕಡೆಯ ಕಾಫಿ ತೋಟವೊಂದಕ್ಕೆ ರೈಟರ್ ಆಗಿ, ಅಂದರೆ ಆಳುಗಳ ಹಾಜರಿ ಬರೆಯುತ್ತ ಗೇಟಿನಿಂದ ಗೋಡೌನಿನವರೆಗಿನ ಬೀಗದ ಕೈಗಳನ್ನು ಕಾಯುವ ಸಂಬಳದಾಳಾಗಿ ಬಂದಿದ್ದೆ. ಗೋಡೌನಿನ ಹಿಂದಿನ ಚಪ್ಪಡಿಯ ಮೇಲೆ ದಿನಾ ಬೆಳಗ್ಗೆ ಏಳು ತೆಂಗಿನ ಚಿಪ್ಪುಗಳಲ್ಲಿ ಅನ್ನ, ಒಣಮೀನಿನ ಚೂರು. ತೋಟದ ಚೌಡಿಗೆ ಇಟ್ಟ ಎಡೆಯೆಂದೇ ಬಗೆದು, ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಕೆಲಸ ಖಾಯಂ ಆಗಲೆಂದು ಬೇಡಿಕೊಳ್ಳುತ್ತಿದ್ದೆ. ಐದನೆಯ ದಿನ ಕಣ್ಣು ತೆರೆದರೆ ದೈವ ಪ್ರತ್ಯಕ್ಷವಾಗಿತ್ತು: ಒಂದೇ ಕಣ್ಣಿನ, ಹರಿದ ಕಿವಿಯ, ಬೂದು ಬಣ್ಣದ ಗಂಡು ಬೆಕ್ಕು. ಅದರ ಹಿಂದೆ ಪೊರಕೆ ಹಿಡಿದು ನಿಂತ ಜವರಮ್ಮ.

"ಕೈ ಮುಗೀರಿ ರೈಟ್ರೇ, ಮುಗೀರಿ. ಅದು ಉಂಡು ಉಳಿದ್ರೆ ಪ್ರಸಾದ ಕೊಡ್ತೀನಿ."

ಜವರಮ್ಮನಿಗೆ ಅರವತ್ತರ ಆಸುಪಾಸು. ಕಾಫಿ ಒಣಗಿಸುವ ಕಣ ಗುಡಿಸುವುದು, ಪಾರ್ಚ್‌ಮೆಂಟ್ ಎನ್ನುವ, ಹೊಟ್ಟು ಕಳಚದ ಕಾಫಿ ಬೀಜ ಹರವಿ ಕೈಯಾಡಿಸುವುದು ಅವರ ಕೆಲಸ. ಗೋಡೌನಿನ ಬೆಕ್ಕುಗಳ ಯೋಗಕ್ಷೇಮ ಯಾರೂ ಹೇಳದೆ ಅವರೇ ಹೊತ್ತುಕೊಂಡದ್ದು. ನಡೆಯುವಾಗ ಎಡಗಾಲನ್ನು ತುಸು ಎಳೆಯುತ್ತಾರೆ, ಪೊರಕೆ ಇಲ್ಲದಾಗಲೂ ನೆಲ ಗುಡಿಸುತ್ತಿರುವವರಂತೆ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ. ಅದರ ಜೇಬಿನಲ್ಲಿ ಸದಾ ಒಂದು ಹಿಡಿ ಒಣಮೀನು. ಆ ಪರಿಮಳದ ಪ್ರಭಾವಲಯದೊಳಗೆ ಏಳು ಬೆಕ್ಕುಗಳು ಬಾಲವೆತ್ತಿ ನಡೆಯುವ ಗಾಂಭೀರ್ಯವನ್ನು ಯಾವ ಮಂತ್ರಿಯ ಬೆಂಗಾವಲಿನಲ್ಲೂ ನಾನು ಕಂಡಿಲ್ಲ.

ಮುದ್ದು ಮಾತ್ರ ಇಲ್ಲ. ಅನ್ನ ಬೆಳಗ್ಗೆಯೇ, ಅದೂ ಅರೆಹೊಟ್ಟೆ. ಸಂಜೆ ಹಾಕಿದರೆ ಇಲಿ ಹಿಡಿಯದೆ ಮಲಗುತ್ತವೆಂಬುದು ಅವರ ಶಾಸ್ತ್ರ. ಒಮ್ಮೆ ನಾನು ಸಂಜೆ ಬಿಸ್ಕತ್ತು ಎಸೆದು ಸಿಕ್ಕಿಬಿದ್ದೆ. "ಪಾಳಿಗೆ ಹೊರಟೋರಿಗೆ ತಿನ್ನಿಸಿ ಮಲಗಿಸ್ತೀರಲ್ಲ ಮಾರಾಯ್ರೆ, ನಿಮ್ ಪುಸ್ತಕ ನೀವು ಬರ್ಕಳಿ" ಎಂದರು. ಬಿಸಿಲಿಗೆ ಕಾದ ಪಾರ್ಚ್‌ಮೆಂಟಿನ ಮೇಲೆ ಹೊರಳಲು ಬಂದ ಬೆಕ್ಕಿಗೆ ಪೊರಕೆಯ ಏಟು; ಅದೇ ಬೆಕ್ಕು ಕುಂಟಿಕೊಂಡು ಬಂದರೆ, ಅದೇ ಕೈ ಅಂಗಾಲಿನ ಮುಳ್ಳು ತೆಗೆಯುತ್ತದೆ.

ಕಳೆದ ಜನವರಿಯಲ್ಲಿ, ಕಾಫಿ ಕೊಳ್ಳುವವರು ಗೋಡೌನ್ ನೋಡಲು ಬರುವ ದಿನ, ಮ್ಯಾನೇಜರ್ ದಿಲೀಪ್ ನನ್ನನ್ನು ಕರೆದು, ಬಂದವರಿಗೆ ಗಲೀಜೆನಿಸುತ್ತದೆ, ಬೆಕ್ಕುಗಳನ್ನೆಲ್ಲ ಚೀಲಕ್ಕೆ ತುಂಬಿ ದೇವರಮನೆ ಗುಡ್ಡದಲ್ಲಿ ಬಿಟ್ಟು ಬಾ ಎಂದರು. ಖಾಯಂ ಆಗುವ ಆಸೆಯಲ್ಲಿದ್ದ ನಾನು ಗೊಬ್ಬರದ ಶೆಡ್ಡಿನಿಂದ ಗೋಣಿಚೀಲವೊಂದನ್ನು ಎತ್ತಿಕೊಂಡು ಶೂರನಂತೆ ಹೊರಟೆ. ಜವರಮ್ಮ ಗೋಡೌನಿನ ಹೊಸ್ತಿಲ ಮೇಲೆ ಕೂತಿದ್ದರು, ತೊಡೆಯ ಮೇಲೆ ಅಡ್ಡಲಾಗಿ ಪೊರಕೆ. ಚೀಲವನ್ನು ಇಸಿದುಕೊಂಡು, ತಳದಲ್ಲಿ ಇಲಿ ಕಡಿದ ತೂತಿನಿಂದ ಮುಷ್ಟಿ ತೂರಿಸಿ, ನನ್ನ ಮೂಗಿನ ಮುಂದೆ ಹಿಡಿದರು.

"ಎಲ್ಲಿಂದ ತಂದ್ರಿ?"

"ಗೊಬ್ಬರದ ಶೆಡ್ಡಿಂದ."

"ಅಲ್ಲಿ ಬೆಕ್ಕಿಲ್ಲ. ತೂತಿಲ್ಲದ ಚೀಲ ಬೇಕಂದ್ರೆ ಈ ಗೋಡೌನಲ್ಲೇ ಇರೋದು. ಅದನ್ನ ನಾನು ಕೊಡಲ್ಲ."

ದಿಲೀಪ್ ಅವರೇ ಬಂದರು. "ಬೆಕ್ಕು ಹೋಗ್ಬೇಕು ಜವರಮ್ಮ. ಇಲ್ಲಾಂದ್ರೆ ನಾಳೆಯಿಂದ ನೀವು ಕೆಲಸಕ್ಕೆ ಬರೋದು ಬೇಡ."

ಜವರಮ್ಮ ಏಳಲಿಲ್ಲ. "ಇವತ್ತಿನ ಹಾಜರಿ ಆಗಿದೆ ಸಾರ್. ಸಂಜೆ ತನಕ ಇಲ್ಲೇ ಕೂರ್ತೀನಿ."

ಮಧ್ಯಾಹ್ನ ಕೊಳ್ಳುವವರು ಬಂದಾಗಲೂ ಅವರು ಅಲ್ಲೇ. ಬಂದವರು ಅವರನ್ನು ಬಳಸಿ ಒಳಗೆ ಹೋಗಿ, ಚೀಲಗಳನ್ನು ಮುಟ್ಟಿ, ಮೂಸಿ, ಇಲಿಪಾಷಾಣ ಇಡುತ್ತೀರಾ ಎಂದು ಸಂಶಯದಿಂದ ಕೇಳಿದರು. ಕಾಫಿಯ ಬಳಿ ವಿಷವಿದ್ದರೆ ಅವರಿಗಾಗದು. ದಿಲೀಪ್ ಅವರು ಒಕ್ಕಣ್ಣಿನ ಬೆಕ್ಕನ್ನೊಮ್ಮೆ, ಹೊಸ್ತಿಲನ್ನೊಮ್ಮೆ ನೋಡಿ, "ನಾವು ಪಾಷಾಣ ಬಳಸೋದೇ ಇಲ್ಲ" ಎಂದರು, ಅದು ತಮ್ಮದೇ ವ್ರತವೆಂಬಂತೆ. ನಾಳೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಅಪ್ಪಣೆಯಿಂದ ಬಂದ ಕೆಲಸ ಅಪ್ಪಣೆಯಿಂದಲೇ ಹೋಗುತ್ತದೆ; ನನ್ನದು ಆ ಬಗೆಯದು, ಹಾಗಾಗಿ ಚೀಲ ಹಿಡಿದು ಓಡುತ್ತೇನೆ. ಯಾರೂ ಕೊಡದ ಕೆಲಸವನ್ನು ಕಿತ್ತುಕೊಳ್ಳುವ ಅಧಿಕಾರ ಯಾರಿಗೂ ಇಲ್ಲವೆಂಬುದನ್ನು ಜವರಮ್ಮನಂಥವರು ಮಾತ್ರ ಬಲ್ಲರು. ಹೊಸ್ತಿಲ ಮೇಲೆ ಅಷ್ಟು ನಿರಾಳವಾಗಿ ಕೂರಲು ಬರುವುದೂ ಅವರಿಗೇ. ಇಷ್ಟು ಅರ್ಥವಾದ ಮೇಲೂ ಒಂದು ಬೆಳಗ್ಗೆ ನಾನು ಕೇಳಬಾರದ್ದನ್ನು ಕೇಳಿದೆ.

"ಅವತ್ತು ನಿಜವಾಗ್ಲೂ ತೆಗೆದುಹಾಕಿದ್ರೆ ಏನು ಮಾಡ್ತಿದ್ರಿ ಜವರಮ್ಮ?"

ಚಿಪ್ಪಿಗೆ ಅನ್ನ ಹಾಕುತ್ತಿದ್ದವರು ತಲೆ ಎತ್ತಲಿಲ್ಲ.

"ಮಾರನೇ ದಿನ ಅನ್ನ ತಗಂಡು ಬರ್ತಿದ್ದೆ. ಗೇಟಿನ ಬೀಗ ನೀವು ತೆಗೀತಿದ್ರಿ."